ಕಬ್ಬಿಣ ತರಬಾರದು

ಎಲ್ಲ ರಗಳೆಗೂ ಮೂಲ ಒಂದು ಕಾಗದ. ಬೆಳಗ್ಗೆ ಎಂಟು ಗಂಟೆಗೆ ಕೇಶವಪ್ರಸಾದ ಅದನ್ನು ತನ್ನ ಮನೆಯ ಮರದ ಗೇಟಿಗೆ ಅಂಟಿಸಿದ. ದಪ್ಪ ಅಕ್ಷರದಲ್ಲಿ ಬರೆದದ್ದು ಇಷ್ಟೇ: 'ಇಂದು ಹತ್ತು ಗಂಟೆಯಿಂದ ಯಾರೂ ಕಬ್ಬಿಣದ ಯಾವ ವಸ್ತುವನ್ನೂ ಹಿಡಿದುಕೊಂಡು ಈ ಮನೆಯ ಹತ್ತಿರ ಬರಬಾರದು.' ಕೆಳಗೆ ಕಾರಣ ಬರೆಯಬಹುದಿತ್ತು, ಬರೆಯಲಿಲ್ಲ. ನನ್ನ ಗೇಟಿಗೆ ನಾನು ಅಂಟಿಸುವ ಕಾಗದಕ್ಕೆ ಊರಿಗೆಲ್ಲ ಯಾಕೆ ಕಾರಣ ಕೊಡಬೇಕು ಎಂಬುದು ಅವನ ವಾದ. ಈ ಮನುಷ್ಯನ ಹಣೆಬರಹವೇ ಅಷ್ಟು. ವಾದದಲ್ಲಿ ಯಾವಾಗಲೂ ಗೆಲ್ಲುತ್ತಾನೆ, ಉಳಿದ ಎಲ್ಲದರಲ್ಲೂ ಸೋಲುತ್ತಾನೆ.

ಕೇಶವಪ್ರಸಾದ ಕುಂಬಳೆ ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಗೆಸ್ಟ್ ಲೆಕ್ಚರರ್. ಎರಡು ವರ್ಷ ತಲೆಕೆಡಿಸಿಕೊಂಡು ಒಂದು ಸೆನ್ಸರ್ ತಯಾರಿಸಿದ್ದ. ಅರ್ಧ ಅಕ್ಕಿಕಾಳಿನಷ್ಟು ದೊಡ್ಡದು. ಅದರೊಳಗೆ ಕೂದಲಿಗಿಂತ ತೆಳ್ಳಗಿನ ಒಂದು ನಾಲಗೆ, ಆ ನಾಲಗೆಗೆ ಕಾಂತೀಯ ಲೋಹದ ಲೇಪ. ಅಕ್ಕಪಕ್ಕದ ಕಾಂತಬಲ ಒಂದಿಷ್ಟು ಬದಲಾದರೂ ನಾಲಗೆ ನಡುಗುತ್ತದೆ, ಆ ನಡುಕ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಮುಂದೊಂದು ದಿನ ಎದೆಗೆ ತಂತಿ ಅಂಟಿಸದೆ ಹೃದಯದ ಬಡಿತ ಓದುವುದಕ್ಕೆ ಇದು ಸಾಕು ಎಂದು ಅವನು ನಂಬಿದ್ದ. ನಂಬಿದವನು ಅವನೊಬ್ಬನೇ.

ಈಗ ತಿರುವನಂತಪುರದ ಒಂದು ಸಂಶೋಧನಾ ಸಮಿತಿ ಕೊನೆಗೂ ಕಣ್ಣು ತೆರೆದಿತ್ತು. ಸೆನ್ಸರ್ ಸುಮ್ಮನಿದ್ದಾಗ ನಿಜವಾಗಿ ಸುಮ್ಮನಿರುತ್ತದೆಯೇ ಎಂದು ಅವರಿಗೆ ತಿಳಿಯಬೇಕು. ಎರಡು ಗಂಟೆ ಎಡೆಬಿಡದೆ ನೆಟ್ಟಗಿರುವ ಗೆರೆಯನ್ನು ಇವತ್ತು ಸಂಜೆ ಐದರ ಒಳಗೆ ಕಳಿಸಬೇಕು. ಕಳಿಸಿದರೆ ಮೂರು ವರ್ಷದ ಯೋಜನೆ, ಒಂದು ಲ್ಯಾಬು. ಇಲ್ಲವಾದರೆ ತಿಂಗಳ ಕೊನೆಗೆ ಕೆಲಸವೂ ಮುಗಿಯಿತು, ಸೆನ್ಸರ್ ಕಪಾಟು ಸೇರಿತು. ಕಾಲೇಜಿನಲ್ಲಿ ಅಳೆಯೋಣವೆಂದರೆ ಪಕ್ಕದಲ್ಲೇ ರೈಲು ಹಳಿ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ಬೇರೆ ಕೋಣೆ ಇರುತ್ತದಂತೆ. ಇವನಿಗೆ ಕಾಲೇಜಿನಲ್ಲಿ ಕೂತುಕೊಳ್ಳಲು ಸ್ವಂತ ಕುರ್ಚಿಯೂ ಇರಲಿಲ್ಲ. ಹಾಗಾಗಿ ಮನೆಯಲ್ಲೇ ಅಳೆಯಲು ಹೊರಟ.

ಮನೆ ವರ್ಕಾಡಿಯ ಒಳಗೆ, ಜೀಪು ಮಾತ್ರ ಹೋಗುವ ದಾರಿಯಲ್ಲಿ. ಆರು ವರ್ಷ ಯಾರೂ ಬಾಡಿಗೆಗೆ ಬರದೆ ಬಿದ್ದಿದ್ದ ಮನೆ. ಹಿಂದೆ ಇದ್ದ ಮುದುಕ ಜಗಲಿಯಲ್ಲಿ ಕೆಮ್ಮುತ್ತ ಕೆಮ್ಮುತ್ತಲೇ ತೀರಿಕೊಂಡಿದ್ದ, ಈಗಲೂ ಆಗಾಗ ಆ ಕೆಮ್ಮು ಕೇಳುತ್ತದೆ ಎಂದು ಊರು ಹೇಳುತ್ತಿತ್ತು. ಕೇಳಿದರೆ ಕಷಾಯ ಮಾಡಿ ಕೊಡುತ್ತೇನೆ ಎಂದು ಹೇಳಿ ಕೇಶವಪ್ರಸಾದ ಕೀಲಿಕೈ ತೆಗೆದುಕೊಂಡಿದ್ದ. ಆರು ತಿಂಗಳಾಯಿತು, ಯಾರೂ ಕಷಾಯ ಕೇಳಲಿಲ್ಲ.

ಬೆಳಗ್ಗೆ ಅವನು ದೋಸೆ ಕಾವಲಿ, ಮೆಟ್ಟುಕತ್ತಿ, ಬಾವಿಯ ಕೊಡಪಾನದ ಸರಪಳಿ ಎಲ್ಲವನ್ನೂ ಹೊತ್ತು ದೂರದ ಕೊಟ್ಟಿಗೆಗೆ ಹಾಕಿದ. ಹೆಂಡತಿ ಶ್ರೀರಂಜಿನಿ ಹೊಸಂಗಡಿಯ ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರು. ತನ್ನ ಹೇರ್‌ಪಿನ್ನುಗಳ ಸಮೇತ ಹೊರಟವಳು ಮೆಟ್ಟಿಲಲ್ಲಿ ನಿಂತು, "ಇವತ್ತು ಈ ನೀಲಿ ಅಂಗಿಯೇ ಇರಲಿ, ಬದಲಿಸಬೇಡಿ," ಎಂದಳು. ವಿಜ್ಞಾನ ಓದಿದ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಂಡು ಅವನು ತಲೆಯಾಡಿಸಿದ.

ಕಾಗದವನ್ನು ಮೊದಲು ಓದಿದವಳು ಬೇಲಿಯಾಚೆಯ ಮನೆಯ ದೇವಕಿ. ಕಟ್ಟಿದ ಬೀಡಿಗಳನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೊರಟಿದ್ದಳು. ಎರಡು ಸಲ ಓದಿ ಚೀಲ ಕೆಳಗಿಟ್ಟಳು.

"ಮಾಷ್ಟ್ರೇ, ಕಬ್ಬಿಣ ಕಂಡ್ರೆ ಆಗದ್ದು ಯಾರಿಗೆ?"

"ನನ್ನ ಸೆನ್ಸರಿಗೆ, ದೇವಕಿಯಕ್ಕ."

"ಹೆಸರು ಎಂತದ್ದಾದ್ರೂ ಇರ್ಲಿ," ಎಂದಳು ದೇವಕಿ. "ಎಷ್ಟು ದಿನದಿಂದ ಉಂಟು ಅದು ಮನೆಯಲ್ಲಿ?"

ಈ ಮನೆಗೆ ಬಂದ ದಿನದಿಂದಲೂ ಇದೆ ಎಂದು ಕೇಶವಪ್ರಸಾದ ಸತ್ಯವನ್ನೇ ಹೇಳಿದ. ದೇವಕಿಯ ಮುಖ ಬಿಳಿಚಿತು. ಆ ಕಡೆಯಲ್ಲಿ ತೊಟ್ಟಿಲಿನ ಕೆಳಗೆ ಕಬ್ಬಿಣದ ಚೂರು ಇಡದ ಮನೆಯಿಲ್ಲ, ಮುಸ್ಸಂಜೆಗೆ ಸೆರಗಿನಲ್ಲಿ ಒಂದು ಮೊಳೆ ಇಟ್ಟುಕೊಳ್ಳದೆ ಹೊರಗೆ ಹೋಗುವ ಬಸುರಿ ಹೆಂಗಸಿಲ್ಲ. ಕಬ್ಬಿಣಕ್ಕೆ ಹೆದರುವುದು ಪ್ರೇತ ಒಂದೇ ಎಂದು ಅಲ್ಲಿ ಮಕ್ಕಳಿಗೂ ಗೊತ್ತು. ಆ ಮನೆಯಲ್ಲಿ ಕೂತು, ಕಬ್ಬಿಣ ತರಬೇಡಿ ಎಂದು ಬರೆಯುವವನನ್ನು ಊರು ಎಂತ ಅಂದುಕೊಳ್ಳಬೇಕು, ನೀವೇ ಹೇಳಿ.

ಹತ್ತಕ್ಕೆ ಅಳತೆ ಶುರುವಾಯಿತು. ಅವನು ದೂರ ಬಾಗಿಲ ಬಳಿ ನಿಂತು ಪರದೆ ನೋಡುತ್ತಿದ್ದ, ಗೆರೆ ಎಳೆದ ನೂಲಿನಂತೆ ನೆಟ್ಟಗೆ ಓಡಿತು. ಹತ್ತೂಕಾಲಿಗೆ ಒಮ್ಮೆ ಎದ್ದು ಬಿತ್ತು, ಮತ್ತೆ ಎದ್ದಿತು, ಆಮೇಲೆ ನಿಲ್ಲಲೇ ಇಲ್ಲ. ಕೇಶವಪ್ರಸಾದ ಹೊರಗೆ ಓಡಿ ನೋಡಿದರೆ ಹಿಂದಿನ ಮಾಡಿನ ಅಂಚಿನಲ್ಲಿ ಹಗ್ಗ ಕಟ್ಟಿ ನೇತುಹಾಕಿದ ಒಂದು ಕತ್ತಿ ಗಾಳಿಗೆ ತೂಗಾಡುತ್ತಿತ್ತು. ಮಾಷ್ಟ್ರು ಪಾಪದವರು, ಅವರಿಗೆ ಏನೂ ಆಗಬಾರದು ಎಂದು ದೇವಕಿ ತನ್ನ ಒಳ್ಳೆಯ ಕತ್ತಿಯನ್ನೇ ಕಟ್ಟಿ ಹೋಗಿದ್ದಳು. ಅವನು ಅದನ್ನು ಬಿಚ್ಚಿ ಅವಳ ಜಗಲಿಯಲ್ಲಿಟ್ಟು ಬಂದು ಮೊದಲಿನಿಂದ ಶುರುಮಾಡಿದ.

ಅಷ್ಟರಲ್ಲಿ ಸುದ್ದಿ ಬ್ರಾಂಚಿಗೆ ಮುಟ್ಟಿತ್ತು. ಬೀಡಿ ಬ್ರಾಂಚಿಗೆ ಮುಟ್ಟಿದ ಸುದ್ದಿ ಊರಿಡೀ ಹಬ್ಬುವುದಕ್ಕೆ ಅರ್ಧ ಗಂಟೆ ಬೇಡ. ಹನ್ನೊಂದಕ್ಕೆ ಜೀಪಿನ ಶ್ಯಾಮ ಬಂದ. ಕತ್ತಿಗೆ ಬಗ್ಗದ್ದು ಜೀಪಿಗೆ ಬಗ್ಗೀತು ಎಂಬ ಲೆಕ್ಕದಲ್ಲಿ ಆ ಇಡೀ ಗಾಡಿಯನ್ನು ಮನೆಗೆ ಸುತ್ತು ಹೊಡೆಸತೊಡಗಿದ. ಒಳಗೆ ಗೆರೆ ಪರದೆಯ ಮೇಲಿನ ಅಂಚಿಗೆ ಹೋಗಿ ಅಂಟಿಕೊಂಡಿತು. ಕೇಶವಪ್ರಸಾದ ಜೀಪಿನ ಎದುರು ಅಡ್ಡ ನಿಂತ. ಇನ್ನೊಂದೇ ಸುತ್ತು ಬಾಕಿ ಉಂಟು, ಬಾಡಿಗೆ ಬೇಡ ಎಂದು ಶ್ಯಾಮ ಸಮಾಧಾನ ಹೇಳಿದ. ಇವನು ಜಗ್ಗಲಿಲ್ಲ. ಬೇಕಾದರೆ ನನ್ನ ಮೇಲೆಯೇ ಹೋಗು ಎಂದ. ಪ್ರೇತ ಮೈಮೇಲೆ ಬಂದಿದೆ ಎನ್ನುವುದಕ್ಕೆ ಶ್ಯಾಮನಿಗೆ ಇನ್ನೇನು ಸಾಕ್ಷಿ ಬೇಕು? ಜೀಪನ್ನು ಹಿಂದಕ್ಕೆ ತೆಗೆದುಕೊಂಡು ಸೀದಾ ಪಂಚಾಯತ್ ಮೆಂಬರ್ ಪ್ರೇಮನಾಥರನ್ನು ಕರೆತರಲು ಹೋದ.

ಹನ್ನೆರಡು ಗಂಟೆಗೆ ಪ್ರೇಮನಾಥರು ಬಂದಾಗ ಅವರ ಹಿಂದೆ ಇಪ್ಪತ್ತು ಜನ. ಎಲ್ಲರೂ ಮುಷ್ಟಿ ಬಿಗಿ ಹಿಡಿದಿದ್ದರು. ಕೇಶವಪ್ರಸಾದನಿಗೆ ಸಿಟ್ಟು ನೆತ್ತಿಗೇರಿತು. ಈ ಮೂಢರಿಗೆ ವಿಜ್ಞಾನ ಎಂದರೆ ಏನೆಂದು ಇವತ್ತು ತೋರಿಸಿಯೇ ಬಿಡುತ್ತೇನೆ ಎಂದು ಎಲ್ಲರನ್ನೂ ಒಳಗೆ ಕರೆದ. ಸೆನ್ಸರ್ ಇದ್ದ ಪುಟ್ಟ ಪೆಟ್ಟಿಗೆಯನ್ನು ತೋರಿಸಿ, ಇದರೊಳಗೆ ಒಂದು ನಾಲಗೆ ಇದೆ, ಕಬ್ಬಿಣ ಹತ್ತಿರ ಬಂದರೆ ಅದಕ್ಕೆ ತಡೆಯಲಾಗುವುದಿಲ್ಲ, ನಡುಗುತ್ತದೆ ಎಂದು ಪಾಠದ ದನಿಯಲ್ಲಿ ವಿವರಿಸಿದ. ಒಬ್ಬೊಬ್ಬರನ್ನೇ ಹತ್ತಿರ ಬರಲು ಹೇಳಿದ. ದೇವಕಿ ಬಂದಳು, ಗೆರೆ ಹಾರಿತು. ಅವಳ ಮುಷ್ಟಿಯಲ್ಲಿ ಎಲೆ ಕತ್ತರಿಸುವ ಕತ್ತರಿ. ಶ್ಯಾಮ ಬಂದ, ಗೆರೆ ಇನ್ನೂ ಮೇಲೆ ಹಾರಿತು, ಸ್ಪ್ಯಾನರು. ಪ್ರೇಮನಾಥರು ನಗುತ್ತ ಬರಿಗೈ ತೋರಿಸಿದರು, ಆದರೂ ಗೆರೆ ಕುಣಿಯಿತು. ಅವರ ಸೊಂಟದಲ್ಲಿ ಕುದುರೆಲಾಳ ಸಿಕ್ಕಿತು.

"ಈಗ ಗೊತ್ತಾಯಿತಾ?" ಎಂದು ಕೇಶವಪ್ರಸಾದ ಎದೆಯುಬ್ಬಿಸಿದ.

ಎಲ್ಲರಿಗೂ ಚೆನ್ನಾಗಿಯೇ ಗೊತ್ತಾಯಿತು. ಇಷ್ಟು ಹೊತ್ತು ಮನೆಯಲ್ಲೆಲ್ಲೋ ಇದೆ ಎಂದುಕೊಂಡಿದ್ದರು, ಈಗ ಯಾವ ಪೆಟ್ಟಿಗೆಯಲ್ಲಿದೆ ಎಂದು ಮಾಷ್ಟ್ರೇ ತೋರಿಸಿಕೊಟ್ಟಿದ್ದರು. ಇಪ್ಪತ್ತು ಜನವೂ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು.

ಪ್ರೇಮನಾಥರು ಅನುಭವಸ್ಥರು. ಕೇಶವಪ್ರಸಾದನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ನೋಡಿ ಮಾಷ್ಟ್ರೇ, ಉಂಟು ಅಂತ ಒಂದು ಮಾತು ಹೇಳಿ. ನಾಲ್ಕೂವರೆಗೆ ತಾನಾಗಿ ಹೋಗ್ತದೆ, ಅಲ್ಲಿವರೆಗೆ ಕಬ್ಬಿಣ ತಂದ್ರೆ ಸಿಟ್ಟು ಬರ್ತದೆ ಅನ್ನಿ. ಒಬ್ಬ ಇತ್ತ ತಲೆ ಹಾಕುದಿಲ್ಲ. ನಿಮ್ಮ ಕೆಲಸವೂ ಆಯ್ತು, ಅವರಿಗೂ ಸಮಾಧಾನ."

ಒಂದೇ ಒಂದು ಸುಳ್ಳು. ಗಂಟೆ ಒಂದೂಕಾಲು. ಲ್ಯಾಬು, ಕೆಲಸ, ಎರಡು ವರ್ಷ, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಹೇಳಿ ಮುಗಿಸುತ್ತಿದ್ದರು. ನಾನಾದರೂ ಹೇಳುತ್ತಿದ್ದೆ.

"ಇಲ್ಲದ್ದನ್ನು ಉಂಟು ಅಂತ ನಾನು ಹೇಳುವುದಿಲ್ಲ ಮೆಂಬರ್ರೇ," ಎಂದ ಕೇಶವಪ್ರಸಾದ. "ಯೋಜನೆ ಹೋದರೆ ಹೋಗಲಿ. ಎರಡು ವರ್ಷ ನಾನು ಸರಿಯಾಗಿ ಅಳೆಯುವುದನ್ನು ಕಲಿತದ್ದು ಕೊನೆಗೆ ಸುಳ್ಳು ಹೇಳಲಿಕ್ಕಲ್ಲ."

ಬಾಗಿಲ ಹೊರಗೆ ಕಿವಿಯಾನಿಸಿ ನಿಂತಿದ್ದ ದೇವಕಿಗೆ ಆ ಮಾತು ಯಾಕೋ ನಾಟಿತು. ಅವಳು ಜಗಲಿಗೆ ಬಂದು, ಮಾಷ್ಟ್ರಿಗೆ ಬೇಡವಾದರೆ ಬೇಡ, ಹಿಡಿದರೆ ಹಿಡಿಯುವುದು ಅವರನ್ನು ತಾನೇ, ನಡೆಯಿರಿ ಎಂದು ಎಲ್ಲರನ್ನೂ ಮೊಳೆ, ಲಾಳ, ಸ್ಪ್ಯಾನರುಗಳ ಸಮೇತ ಜೀಪಿಗೆ ಹತ್ತಿಸಿದಳು. ಜೀಪಿನ ಸದ್ದು ಗುಡ್ಡದಾಚೆ ಕರಗಿತು. ಕೇಶವಪ್ರಸಾದನಿಗೆ ಆ ಹೆಂಗಸಿನ ಕಾಲಿಗೆ ಬೀಳಬೇಕು ಎನ್ನಿಸಿತು.

ಎರಡಕ್ಕೆ ಮತ್ತೆ ಶುರು, ಈ ಸಲ ಪೆಟ್ಟಿಗೆಯ ಪಕ್ಕದಲ್ಲೇ ಕೂತ. ಗೆರೆ ನೆಟ್ಟಗೆ ಬರಲಿಲ್ಲ. ಸಣ್ಣ ಅಲೆ, ಒಂದರ ಹಿಂದೆ ಒಂದು, ಯಾರೋ ಉಸಿರಾಡುವ ಹಾಗೆ. ಅವನು ದೂರ ಹೋದರೆ ಅಲೆ ಇಲ್ಲ, ಹತ್ತಿರ ಬಂದರೆ ಇದೆ. ಉಸಿರು ಬಿಗಿಹಿಡಿದ, ಅಲೆ ನಿಂತಿತು. ಉಸಿರು ಬಿಟ್ಟ, ಅಲೆ ಬಂತು. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಅವನ ಬೆನ್ನು ತಣ್ಣಗಾಯಿತು. ಆಮೇಲೆ ಜೇಬು ತಡಕಿದ. ಗಡಿಯಾರ ಇಲ್ಲ, ಬೆಲ್ಟು ಇಲ್ಲ. ಅಂಗಿಯ ಅಂಚು ಒಂದು ಕಡೆ ತುಸು ಗಟ್ಟಿ. ಹೊಲಿಗೆ ಬಿಚ್ಚಿದರೆ ಒಳಗೆ ಅರ್ಧ ಇಂಚಿನ ಒಂದು ಮೊಳೆ. ರಸಾಯನಶಾಸ್ತ್ರದ ಟೀಚರು ಎಷ್ಟು ಚೆನ್ನಾಗಿ ಹೊಲಿದಿದ್ದಳೆಂದರೆ ಬಿಚ್ಚುವಾಗ ಬಟ್ಟೆಯೇ ಹರಿಯಿತು.

ಅವನು ಅಂಗಿಯನ್ನೂ ಮೊಳೆಯನ್ನೂ ಉಂಡೆಮಾಡಿ ಬೇಲಿಯಾಚೆ ಬಿಸಾಡಿದ. ಬರಿಮೈಯಲ್ಲಿ ಕೂತ. ಎರಡೂಕಾಲಿನಿಂದ ನಾಲ್ಕೂಕಾಲಿನವರೆಗೆ ಗೆರೆ ಕದಲಲಿಲ್ಲ. ಅಂಥ ಗೆರೆಯನ್ನು ಅವನು ಎರಡು ವರ್ಷದಲ್ಲಿ ನೋಡಿರಲಿಲ್ಲ. ನಾಲ್ಕೂವರೆಗೆ ಕಳಿಸಿದ, ಹತ್ತು ನಿಮಿಷಕ್ಕೆ ಸಮಿತಿಯಿಂದ ಫೋನು ಬಂತು. ಆ ಕಡೆ ಡಾಕ್ಟರ್ ತೃಪ್ತಿ ಎನ್ನುವವರು. ಗೆರೆ ಬಹಳ ಚೆನ್ನಾಗಿದೆ, ಹೀಗಿರುವುದು ಅಪರೂಪ ಎಂದರು. ಆದರೆ ತೆರೆದ ಮನೆಯಲ್ಲಿ ಅಳೆದದ್ದು ನಿಯಮದ ಪ್ರಕಾರ ಸಲ್ಲುವುದಿಲ್ಲ, ಅರ್ಜಿಯ ಹನ್ನೊಂದನೆಯ ಪುಟದಲ್ಲಿ ಬರೆದಿದೆಯಲ್ಲ ಎಂದರು. ಮೂರನೆಯ ಪುಟದ ಒಂದು ಸಾಲಿನ ಬಗ್ಗೆ ಪತ್ರದಲ್ಲಿ ವಾದ ಮಾಡುತ್ತ ಕೇಶವಪ್ರಸಾದ ಹನ್ನೊಂದನೆಯ ಪುಟಕ್ಕೆ ಹೋಗಿರಲೇ ಇಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದ. ಹೊರಗಿನ ಕಾಂತಬಲ ಒಳಗೆ ಬಾರದಂತೆ ಸೆನ್ಸರಿನ ಸುತ್ತ, ಮೇಲೆ, ಕೆಳಗೆ, ಎಲ್ಲ ಕಡೆಯೂ ದಪ್ಪ ಕಬ್ಬಿಣದ ತಗಡು ಮುಚ್ಚಿ ಅಳೆಯಬೇಕು ಎಂದು ಅವರು ಹೇಳಿದರು. ಒಳ್ಳೆಯ ಕೆಲಸ ಹಾಳಾಗಬಾರದು ಎಂದು ನಾಳೆ ಮಧ್ಯಾಹ್ನದವರೆಗೆ ಸಮಯವನ್ನೂ ಕೊಟ್ಟರು.

ಕೇಶವಪ್ರಸಾದ ಗೇಟಿನ ಕಾಗದ ಕಿತ್ತು, ಹಿಂದಿನ ಮಗ್ಗುಲಲ್ಲಿ ಇನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ: 'ಯಾರ ಮನೆಯಲ್ಲಿ ಎಷ್ಟು ಕಬ್ಬಿಣ ಇದ್ದರೂ ದಯವಿಟ್ಟು ಕೂಡಲೇ ತನ್ನಿ.' ಈ ಸಲವೂ ಕಾರಣ ಬರೆಯಲಿಲ್ಲ. ಬರೆಯಲು ಅವನಿಗೆ ಮುಖವಿರಲಿಲ್ಲ.

ಐದೂವರೆಗೆ ಶ್ಯಾಮನ ಜೀಪು ಬಂದು ಗೇಟಿನಿಂದ ಸಾಕಷ್ಟು ದೂರದಲ್ಲಿ ನಿಂತಿತು. ಬಸ್ಸಿಳಿದ ಶ್ರೀರಂಜಿನಿಯೂ ಅದರಲ್ಲಿದ್ದಳು. ಎಲ್ಲರೂ ಇಳಿದು ಕಾಗದ ಓದಿದರು. ಯಾರೂ ಒಂದು ಮೊಳೆಯನ್ನೂ ಮುಂದೆ ಚಾಚಲಿಲ್ಲ.

"ಬೆಳಗ್ಗೆ ನಂಬದವರು ಈಗ ಕಬ್ಬಿಣ ಕೇಳ್ತಾರೆ ಅಂದ್ರೆ," ಎಂದಳು ದೇವಕಿ ತಗ್ಗಿದ ದನಿಯಲ್ಲಿ, "ಒಳಗೆ ಎಂತದ್ದೋ ನೋಡಿದ್ದಾರೆ."

ಶ್ರೀರಂಜಿನಿ ಗೇಟಿನ ಹೊರಗೇ ನಿಂತು, ಜಗಲಿಯಲ್ಲಿ ಬರಿಮೈಯಲ್ಲಿ ನಿಂತ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀಲಿ ಅಂಗಿ ಎಲ್ಲಿ?"

"ಬಿಸಾಡಿದೆ," ಎಂದ ಅವನು.

ಶ್ರೀರಂಜಿನಿ ಒಂದು ಹೆಜ್ಜೆ ಹಿಂದಿಟ್ಟಳು. ಕೇಶವಪ್ರಸಾದನಿಗೆ ಇನ್ನು ತಡೆಯಲಾಗಲಿಲ್ಲ. ಇಲ್ಲಿ ಪ್ರೇತವೂ ಇಲ್ಲ ಗೀತವೂ ಇಲ್ಲ, ಸಾಯುವವರೆಗೂ ಇದನ್ನೇ ಹೇಳುತ್ತೇನೆ ಎಂದು ಕೂಗಲು ಬಾಯಿ ತೆರೆದ. ಬೆಳಗ್ಗಿನಿಂದ ಅರಚಾಡಿದ ಗಂಟಲು, ಮಧ್ಯಾಹ್ನದಿಂದ ಗಾಳಿಗೊಡ್ಡಿದ ಬರಿಮೈ. ಮಾತು ಹೊರಡಲಿಲ್ಲ, ಕೆಮ್ಮು ಬಂತು. ಮುದುಕ ಕೂರುತ್ತಿದ್ದ ಅದೇ ಜಗಲಿಯಲ್ಲಿ ಕಂಬ ಹಿಡಿದುಕೊಂಡು ಒಂದೇ ಸಮನೆ ಕೆಮ್ಮಿದ.

ಕೆಮ್ಮು ನಿಂತು ಕಣ್ಣೊರೆಸಿಕೊಂಡು ನೋಡುವಾಗ ಗೇಟಿನ ಬಳಿ ಯಾರೂ ಇರಲಿಲ್ಲ. ಜೀಪು ಆಗಲೇ ತಿರುವು ದಾಟುತ್ತಿತ್ತು. ಮುಂದಿನ ಸೀಟಿನಲ್ಲಿ ಶ್ರೀರಂಜಿನಿ ಕೂತಿದ್ದಳು.