ಮಾವನ ಹೈ ಜಿಂಕ್ಸ್, ನನ್ನ ಒಂದೇ ಗುಂಡು

ನಮ್ಮ ಸೋದರಮಾವ ಇರುವ ಕಡೆ ನಾಲ್ಕು ಜನ ನೆಮ್ಮದಿಯಾಗಿ ಕುಣಿದದ್ದನ್ನು ತೋರಿಸಿದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ! ಕುಣಿಯಬೇಡಿ ಎನ್ನುವ ಪೈಕಿ ಅವರಲ್ಲ. ಕುಣಿಯಿರಿ, ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ, ಆ ಪದ ಎಲ್ಲಿಂದ ಬಂತು ಎಂದು ತಿಳಿದು ಕುಣಿಯಿರಿ ಎನ್ನುವವರು. ಹುದಿಕೇರಿ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿ ಜೀವಮಾನವೆಲ್ಲ ಆಳುಗಳ ಹಾಜರಿ ಬರೆದು ನಿವೃತ್ತರಾದರು. ಆಮೇಲೆ ಕೈಗೊಂದು ಹಳೇ ನಿಘಂಟು ಸಿಕ್ಕಿತು. ಅನುಭವಿಸುತ್ತಿರುವವರು ನಾವು.

"ಇದಕ್ಕೆ ಹೈ ಜಿಂಕ್ಸ್ ಅಂತಾರೆ," ಎಂದು ಶುರು. ಗದ್ದಲದ ಮೋಜು ಎಂದು ಅರ್ಥವಂತೆ. ಹಿಂದೆ ಸ್ಕಾಟ್ಲೆಂಡಿನಲ್ಲಿ ಕುಡಿಯಲು ಕೂತವರು ದಾಳ ಹಾಕುತ್ತಿದ್ದರಂತೆ. ಅದು ಯಾರಿಗೆ ಬಿತ್ತೋ ಅವರು ಎದ್ದು ವೇಷ ಕಟ್ಟಬೇಕು, ಇಲ್ಲವೇ ಪದ್ಯ ಹೇಳಬೇಕು. ತಪ್ಪಿದರೆ ದಂಡವಾಗಿ ಇನ್ನೊಂದು ಲೋಟ! ಆ ಆಟದ ಹೆಸರೇ ಇದಂತೆ. ಇರಲಿ, ನಮಗೇಕೆ ಸ್ವಾಮಿ?

ಪೊನ್ನಂಪೇಟೆಯಲ್ಲಿ ನನ್ನ ತಂಗಿಯ ಮದುವೆ. ವಾಲಗ ಏರಿ ಎಲ್ಲರೂ ಮೈಮರೆತು ಕುಣಿಯುವಾಗ ಮಾವ ಕೈಯೆತ್ತಿದರು. ಯಾರೋ ತೀರಿಕೊಂಡರೆಂದು ಹೆದರಿ ವಾಲಗದವರು ನಿಲ್ಲಿಸಿಯೇಬಿಟ್ಟರು. ಸ್ಕಾಟ್ಲೆಂಡಿನಲ್ಲಿ ದಾಳ ಬೀಳುವಷ್ಟರಲ್ಲಿ ಇತ್ತ ಹಂದಿಸಾರು ಮುಗಿದಿತ್ತು!

ನನ್ನ ಮಗಳ ಹುಟ್ಟುಹಬ್ಬದಲ್ಲಂತೂ ಮೇಣದಬತ್ತಿಗಳು ಕಾದೂ ಕಾದೂ ತಾವೇ ಆರಿಹೋದವು. "ಅಜ್ಜಾ, ಈಗ ಹಾಡ್ಬಹುದಾ?" ಎಂದಿತು ಮಗು.

ಅದನ್ನೂ ಸಹಿಸಿಕೊಂಡೆ. ಈ ಸಲ ನಮ್ಮ ಕೊಡಗಿನ ಆಯುಧಪೂಜೆ ಹಬ್ಬ ಕೈಲು ಮುಹೂರ್ತದಲ್ಲಿ ಮಾತ್ರ ತಲೆ ಕೆಟ್ಟಿತು. ಕೋವಿ ಪೂಜೆ, ಊಟ ಮುಗಿದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಒಬ್ಬರಿಗೆ ಒಂದೇ ಗುಂಡು. ಹೋದ ವರ್ಷ ಕಾಯಿ ಒಡೆದವನು ತಂಗಿಯ ಗಂಡ. "ಅಕ್ಕಾ, ಸಾರಿಗೆ ಕಾಯಿ ಬೇಕಿದ್ರೆ ನಂಗೆ ಹೇಳಿ," ಎಂದು ವರ್ಷವಿಡೀ ಕಾಡಿದ್ದ. ಅವನ ಬಾಯಿ ಮುಚ್ಚಿಸಲೆಂದೇ ನಾನು ಗುರಿ ಅಭ್ಯಾಸ ಮಾಡಿದ್ದೆ.

ಹೆಸರಿನ ಪಟ್ಟಿ ಎಂದಿನಂತೆ ಮಾವನ ಕೈಯಲ್ಲಿ. ನನ್ನ ಹೆಸರು ಕೂಗಿದರು. ಕೋವಿಯೆತ್ತಿ ಉಸಿರು ಹಿಡಿದೆ. ಮೇಜು ಬಿಟ್ಟೆದ್ದ ಮಾವ ನೇರ ಹೋಗಿ ಮರದ ಮುಂದೆ ನಿಂತರು!

"ಒಂದ್ನಿಮಿಷ. ಇದಕ್ಕೆ ಹೈ ಜಿಂಕ್ಸ್..."

"ಮಾವಾ! ಕಾಯಿಗೆ ಅಡ್ಡ ನಿಂತಿದ್ದೀರಿ!"

ಕೋವಿ ಇಳಿಸಿದೆ. ಸಿಟ್ಟು ಇಳಿಯಲಿಲ್ಲ. "ಎಂತ ಉಂಟು ಆ ಹಾಳು ಆಟದಲ್ಲಿ, ಎಲ್ಲಿ ಹೋದ್ರೂ ಅದನ್ನೇ ಹೇಳ್ಲಿಕ್ಕೆ?"

"ದಾಳ ಬಿದ್ರೆ ಯಾರನ್ನೂ ಬಿಡೋ ಹಾಗಿಲ್ಲ ಮಗಳೇ. ಮೂಲೇಲಿ ಕೂತವನನ್ನೂ ಎಬ್ಬಿಸ್ಲೇಬೇಕು."

"ಅಷ್ಟು ಆಸೆಯಿದ್ರೆ ನೀವೇ ಹೊಡೀಬಾರ್ದಾ? ಎಷ್ಟು ಸಲ ಹೊಡೆದಿದ್ದೀರಿ?"

"ನಾನಾ?" ಕೈಯಲ್ಲಿದ್ದ ಪಟ್ಟಿಯನ್ನು ನೋಡಿಕೊಂಡರು. "ನಾನು ಹೆಸರು ಬರೆಯೋನಲ್ವಾ. ಎಲ್ಲರದ್ದೂ ಬರ್ದೆ. ನಿಂದೂ ಬರ್ಕೋ ಅಂತ ಯಾರೂ ಹೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ಪ್ರತಿ ವರ್ಷ ಪೂಜೆ ಮುಗಿದ ಕೂಡಲೇ ಅವರ ಕೈಗೆ ಪೆನ್ಸಿಲು ಹಿಡಿಸುತ್ತಿದ್ದವಳು ನಾನೇ.

ಪೆನ್ಸಿಲು ಕಿತ್ತುಕೊಂಡು ನನ್ನ ಹೆಸರು ಹೊಡೆದುಹಾಕಿ ಅವರದ್ದು ಬರೆದೆ. ಅವರ ಹಾಗೆಯೇ ಗಟ್ಟಿಯಾಗಿ ಕೂಗಿದೆ. ಮಾವ ಈಚೆ ಬಂದು ಕೋವಿ ಹಿಡಿದರು. ಢಮ್! ಎಲ್ಲಿಂದಲೋ ಒಂದಿಷ್ಟು ಎಲೆ ಉದುರಿತು. ಕಾಯಿ ಅಲ್ಲಾಡಲಿಲ್ಲ.

ಇನ್ನು ಸ್ಕಾಟ್ಲೆಂಡ್ ಶುರುವಾಗುತ್ತದೆಂದು ಎಲ್ಲರೂ ಕಾದೆವು. ಮಾವ ಹೆಗಲು ಉಜ್ಜಿಕೊಂಡು ನಮ್ಮೆಲ್ಲರ ಮುಖ ನೋಡಿದರು.

"ಇನ್ನೊಂದ್ಸಲ ಕೊಡ್ತೀರಾ?" ಎಂದರು.