ಅವಳ ಅಳತೆಯ ಅಡುಗೆ ಕಟ್ಟೆ

ನಮ್ಮ ಮುತ್ತಜ್ಜನನ್ನು ಜನ ಗೋಡೆ ತಾತ ಎಂದು ಕರೆಯುತ್ತಿದ್ದರು. ವಾಲಿದ ಗೋಡೆಯೊಂದಕ್ಕೆ ಬೆನ್ನು ಕೊಟ್ಟು ನಿಂತು, ಒಳಗಿದ್ದವರೆಲ್ಲ ಹೊರಬರುವ ತನಕ ಅದನ್ನು ಬೀಳಗೊಡದ ಧೀರ ಆತ. (ಅದು ವಾಲಿದ್ದೇ ಆತ ಕಟ್ಟಿದ್ದರಿಂದ ಎಂದು ಕೆಲವರು ಹೇಳುವುದುಂಟು. ಹೇಳುವವರ ಬಾಯಿಗೆ ಬೀಗ ಹಾಕಲಾದೀತೇ?) ಅಜ್ಜ ಬೀಗದಜ್ಜ. ಎಂಥ ಮೊಂಡ ಬೀಗವನ್ನೂ ಒಂದು ತಂತಿಯಿಂದ ತೆಗೆಯುತ್ತಿದ್ದ. ಒಮ್ಮೆ ತೆಗೆದ ಬೀಗ ಮತ್ತೆ ಹಾಕಲು ಬರುತ್ತಿರಲಿಲ್ಲ, ಆ ಮಾತು ಬೇರೆ. ಇನ್ನು ನನ್ನ ಅಪ್ಪನೋ, ನಮ್ಮ ಪಡಸಾಲೆಯ ಸೋರಿಕೆಯನ್ನು ಒಂದೇ ದಿನದಲ್ಲಿ ಪಕ್ಕದ ಮನೆಯ ಪಡಸಾಲೆಗೆ ದಾಟಿಸಿದ ಮಹಾನುಭಾವ. ಇಂಥ ವಂಶದ ಕುಡಿಯಾದ ನಾನು ಯಾವ ಗುರುವಿನ ಮುಂದೆಯೂ ಕೈಕಟ್ಟದೆ ಗಾರೆ ಮೆತ್ತುವ ಕರಣೆ ಹಿಡಿಯಲು ಕಲಿತವನು. ಅಂಥವನಿಗೆ ನನ್ನ ಹೆಂಡತಿ, ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಹೊರಟು ನಿಂತವಳು, ಬಾಗಿಲಲ್ಲಿ ತಿರುಗಿ ಏನು ಹೇಳಿದಳು ಗೊತ್ತೇ?

"ರೀ, ನಾನು ಬರೋ ತನಕ ಮನೇಲಿ ಏನನ್ನೂ ಮುಟ್ಟಬೇಡಿ."

"ಊಟದ ತಟ್ಟೇನೂ?"

"ಅದನ್ನ ಮುಟ್ಟಿ. ಸುತ್ತಿಗೆ ಮುಟ್ಟಬೇಡಿ."

ಹಾಗೆ ಹೇಳುತ್ತಲೇ ಸೊಂಟಕ್ಕೆ ಕೈಕೊಟ್ಟು "ಅಮ್ಮಾ" ಎಂದು ನರಳಿ ಆಟೋ ಹತ್ತಿದಳು. ಆ ನರಳಿಕೆ ನನ್ನ ಕರುಳಿಗೆ ನಾಟಿತು. ವರ್ಷಗಳಿಂದ ಕೇಳುತ್ತಿದ್ದೇನೆ, ಬಗ್ಗಿ ಬಗ್ಗಿ ಸೊಂಟ ಹೋಯಿತು ಎಂದು. ಒಳಗೆ ಹೋಗಿ ಅಡುಗೆ ಕಟ್ಟೆಯ ಮುಂದೆ ನಿಂತೆ. ಎಷ್ಟು ಗಿಡ್ಡ! ಅದರ ಮೇಲಿನ ಲೋಟ ಎತ್ತಬೇಕಾದರೆ ನಾನು ನಡು ಬಾಗಿಸಬೇಕು. ಜ್ಞಾನೋದಯವಾಯಿತು. ಕಟ್ಟೆಯನ್ನು ಎತ್ತರಿಸಿ, ಆಕೆ ಬಂದಾಗ ಬೆರಗುಗೊಳಿಸುವುದು. ಇನ್ನಾದರೂ ಅವಳ ಸೊಂಟ ನೆಟ್ಟಗಾಗಲಿ!

ಆದರೆ ಎಷ್ಟು ಎತ್ತರ? ನಮ್ಮ ಬೀದಿಯಲ್ಲಿ ಸಲಹೆಗೆ ಬರವಿಲ್ಲ. ಸ್ವಂತ ಮನೆಯಲ್ಲಿ ಒಂದು ಮೊಳೆ ಹೊಡೆದವನೂ ಇಲ್ಲಿ ಎಂಜಿನಿಯರೇ. ಗೇಟಿನ ಬಳಿ ಮೊದಲು ಸಿಕ್ಕವರು ಎದುರು ಮನೆಯ ಕಂಪೌಂಡರ್. ಈಗ ನಿವೃತ್ತರು, ಆದರೆ ಸಿಮೆಂಟನ್ನೂ ಔಷಧಿಯ ಹಾಗೇ ಬರೆದುಕೊಡುತ್ತಾರೆ.

"ಮೂರು ಭಾಗ ಮರಳು, ಒಂದು ಭಾಗ ಸಿಮೆಂಟು, ಬೆಳಿಗ್ಗೆ ಸಂಜೆ ನೀರು. ಎತ್ತರ ಮಾತ್ರ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಬೇಕು, ಯಜಮಾನ್ರೇ. ನಮ್ಮನೇದು ಹಾಗೇ ಇರೋದು."

"ನಿಮ್ಮನೆ ಕಟ್ಟೆ ಮೇಲಿಂದ ಟೊಮೇಟೊ ಉರುಳಿ ಉರುಳಿ ಬೀದಿಗೇ ಬರುತ್ತಲ್ರೀ!" ಎಂದರು ಪಕ್ಕದ ಮನೆಯ ಟೈಲರ್, ಕಾಂಪೌಂಡಿನ ಮೇಲಿಂದ ತಲೆ ತೂರಿಸಿ. "ಎತ್ತರ ಸರಿ, ಮಟ್ಟ ಸರಿಯಿಲ್ಲ. ಯಜಮಾನ್ರೇ, ಇವರ ಮಾತು ಬಿಡಿ. ಮೊದಲು ಅಳತೆ, ಆಮೇಲೆ ಕತ್ತರಿ. ನಿಮ್ಮ ಮನೆಯವರ ಮೊಣಕೈ ನೆಲದಿಂದ ಎಷ್ಟು ಎತ್ತರ ಇದೆ?"

ನಾನು ನನ್ನ ಮೊಣಕೈಯನ್ನೇ ತಿರುಗಿಸಿ ನೋಡಿಕೊಂಡೆ.

"ಹೋಗಲಿ, ಅವರು ನಿಮ್ಮ ಕಿವಿಗೆ ಬರ್ತಾರೋ, ಹೆಗಲಿಗೋ?"

ನಿಜ ಹೇಳುತ್ತೇನೆ, ಹೊಳೆಯಲೇ ಇಲ್ಲ. ಆಕೆ ಅಡುಗೆಮನೆಯಿಂದ ಕೂಗುವುದು, ನಾನು ಪಡಸಾಲೆಯಿಂದ ಓಗೊಡುವುದು, ಹೀಗೆ ನಡೆದ ಸಂಸಾರ ನಮ್ಮದು. ಬೈಯುವಾಗಲಂತೂ ಆಕೆ ನನಗಿಂತ ಒಂದು ಮೊಳ ಎತ್ತರ ಕಾಣುತ್ತಾಳೆ. ಫೋನಿನಲ್ಲಿ ಉಪಾಯವಾಗಿ ಕೇಳಿ ನೋಡಿದೆ.

"ಏನಿಲ್ಲ ಕಣೇ, ಸುಮ್ಮನೆ ಕೇಳಿದೆ. ನೀನು ಎಷ್ಟು ಎತ್ತರ ಇದ್ದೀಯಾ?"

"ಯಾಕೆ? ನನ್ನ ಹೂಳೋಕೆ ಗುಂಡಿ ತೋಡ್ತಿದ್ದೀರಾ?"

ಫೋನು ಇಟ್ಟುಬಿಟ್ಟೆ. ಆಗ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ನಮ್ಮ ಮದುವೆ ಫೋಟೊ. ಇಬ್ಬರೂ ಜೋಡಿಯಾಗಿ ನಿಂತಿದ್ದೇವೆ, ನನ್ನ ಮೊಣಕೈಗೆ ಸರಿಯಾಗಿ ಅವಳ ಮೊಣಕೈ ತಾಗಿದೆ. ಇದಕ್ಕಿಂತ ಸಾಕ್ಷಿ ಬೇಕೇ? ಫೋಟೊ ಮೊಣಕಾಲಿಗೇ ಮುಗಿದಿತ್ತು, ನಿಜ. ಆದರೆ ಮೊಣಕೈಯ ಲೆಕ್ಕಕ್ಕೆ ಪಾದ ಯಾಕೆ? ನನ್ನ ಮೊಣಕೈ ಅಳೆದೆ, ನಾಲ್ಕು ಬೆರಳು ಕಳೆದೆ, ಗೋಡೆಗೆ ಗೆರೆ ಎಳೆದೆ.

ದೇವರ ಹೆಸರು ಹೇಳಿ ಹಳೆಯ ಕಟ್ಟೆಗೆ ಮೊದಲ ಏಟು ಹಾಕಿದೆ. ಎರಡನೆಯ ಏಟಿಗೆ ಫೋನು ಹೊಡೆದುಕೊಂಡಿತು. ಎತ್ತಿ ಕಿವಿಗಿಡುವಾಗಲೇ ಒಡೆದ ಇಟ್ಟಿಗೆಗಳು ದಬದಬನೆ ಉರುಳಿದವು.

"ಏನ್ರೀ ಅದು ಸದ್ದು?"

"ಪಕ್ಕದ ಮನೇದು. ಟೈಲರ್ ಏನೋ ಕುಟ್ತಾ ಇದ್ದಾರೆ."

"ಟೈಲರ್ ಏನು ಕುಟ್ತಾರೆ, ಗುಂಡೀನಾ?"

ಅಂದಿನಿಂದ ನನಗೆ ನೆಮ್ಮದಿಯೆಂಬುದಿಲ್ಲ. ಫೋನು ಬಂದರೆ ಭಯ, ಬರದಿದ್ದರೆ ಇನ್ನೂ ಭಯ. ಆಟೋ ಸದ್ದಾದರೆ ಕರಣೆ ಬಿಸುಟು ಬಾಗಿಲಿಗೆ ಓಡುತ್ತಿದ್ದೆ. ಗಾರೆ ಒಣಗುವ ಮೊದಲೇ ಬಂದುಬಿಟ್ಟರೆ? ಕಪ್ಪು ಕಲ್ಲಿನ ಚಪ್ಪಡಿ ಕೂರಿಸುವ ದಿನವಂತೂ ಕೇಳಲೇಬೇಡಿ. ಕಂಪೌಂಡರು ಕಿಟಕಿಯ ಹೊರಗಿನಿಂದ "ಎಡಕ್ಕೆ" ಎಂದರೆ ಟೈಲರು ಬಾಗಿಲಿನಿಂದ "ಬಲಕ್ಕೆ" ಎನ್ನುವರು. ಮಟ್ಟ ನೋಡಲು ಇಟ್ಟ ರಸಮಟ್ಟದೊಳಗಿನ ಗುಳ್ಳೆ ಪಾಪ, ಯಾರ ಮಾತು ಕೇಳಬೇಕೆಂದು ತಿಳಿಯದೆ ಅತ್ತಿಂದಿತ್ತ ಓಡಾಡುತ್ತಿತ್ತು. ಕೊನೆಗೆ ಇಬ್ಬರನ್ನೂ ಗದರಿ ಓಡಿಸಿ ನಾನೇ ಕೂರಿಸಿದೆ. ಮುಂದೆ ನಿಂತು ಕೈಯಾಡಿಸಿ ನೋಡಿದೆ. ಆಹಾ! ನಡು ಬಾಗುವ ಪ್ರಮೇಯವೇ ಇಲ್ಲ. ಮಟ್ಟವಂತೂ ಸಾಕ್ಷಾತ್ ನಿಂತ ನೀರು.

ಕೊನೆಗೂ ಆಕೆ ಬಂದಳು. ಚೀಲ ಕೆಳಗಿಡುವ ಮೊದಲೇ ಮೂಗರಳಿಸಿ, "ಸಿಮೆಂಟ್ ವಾಸನೆ" ಎಂದಳು. ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಕಟ್ಟೆಯ ಮುಂದೆ ನಿಲ್ಲಿಸಿದೆ.

ಅಯ್ಯೋ! ನನ್ನ ಹೆಂಡತಿ ಕಾಣಲೊಲ್ಲಳು. ಕಟ್ಟೆಯ ಮಟ್ಟದಿಂದ ಮೇಲೆ ಉಳಿದದ್ದು ಬ್ಯಾಂಕಿನ ಕೌಂಟರಿನ ಮುಂದೆ ಸರದಿಗೆ ಕಾಯುತ್ತಿರುವಂಥ ಒಂದು ತಲೆ, ಎರಡು ಭುಜ. ಕಟ್ಟೆ ಅವಳ ಎದೆಯ ಮಟ್ಟಕ್ಕಿತ್ತು.

"ಇದು ಯಾರ ಅಳತೆ?" ಎಂದಳು ಮೆಲ್ಲಗೆ. ಆಕೆ ಮೆಲ್ಲಗೆ ಮಾತಾಡಿದರೆ ನಾನು ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುತ್ತೇನೆ.

"ನಿಂದೇ ಕಣೇ! ಮದುವೆ ಫೋಟೊ ನೋಡಿ ಕರಾರುವಾಕ್ಕಾಗಿ..."

"ಅದರಲ್ಲಿ ನಾನು ಸ್ಟೂಲಿನ ಮೇಲೆ ನಿಂತಿದ್ದೆ. ಜೋಡಿ ಚೆನ್ನಾಗಿ ಕಾಣಲ್ಲ ಅಂತ ಫೋಟೋದವನು ನಿಲ್ಲಿಸಿದ್ದ. ಪಕ್ಕದಲ್ಲೇ ಇದ್ರಲ್ಲ, ನೋಡಲಿಲ್ವಾ?"

"ಕ್ಯಾಮೆರಾ ನೋಡಿ ಅಂತ ಹೇಳಿದ್ದ. ಅದನ್ನೇ ನೋಡ್ತಿದ್ದೆ."

"ಇಷ್ಟು ವರ್ಷವೂ ಅದನ್ನೇ ನೋಡ್ತಾ ನಿಂತಿದ್ರಾ?"

ನಾನು ಕಟ್ಟೆಯ ಮೇಲಿಲ್ಲದ ಧೂಳನ್ನು ಒರೆಸಿದೆ. "ಅಲ್ವೇ, ನಿನ್ನ ಸೊಂಟಕ್ಕೆ ಅಂತ ತಾನೇ ಮಾಡಿದ್ದು. ಬಗ್ಗಿ ಬಗ್ಗಿ ಹೋಯ್ತು ಅಂತಿದ್ದೆ."

"ಬಗ್ಗಿದ್ದು ಅಡುಗೆಗಲ್ಲ ರೀ! ನೀವು ಮನೆ ತುಂಬ ಚೆಲ್ಲೋ ಮೊಳೆ, ಉಳಿ, ಇಕ್ಕಳ ಹೆಕ್ಕೋಕೆ!" ಆಕೆ ಚಪ್ಪಡಿಯ ಅಂಚನ್ನು ಬೆರಳಿನಿಂದ ಸವರಿದಳು. ದನಿ ಇಳಿಯಿತು. "ಮನೆ ಕಟ್ಟುವಾಗ ನೀವು ಗೇಟಿನ ಕಮಾನು ಅಂತ ಹೊರಗೇ ಇದ್ರಿ. ಆ ಕಟ್ಟೆ ಒಂದನ್ನ ನಾನೇ ನಿಂತು ಹೇಳಿ ಕಟ್ಟಿಸಿದ್ದೆ. ಈ ಮನೇಲಿ ನನ್ನ ಅಳತೆಗೆ ಅಂತ ಇದ್ದದ್ದು ಅದೊಂದೇ."

ಬೈದಿದ್ದರೆ ಬೈಗುಳಕ್ಕೆ ತಲೆಯೊಡ್ಡಬಹುದಿತ್ತು. ಈ ಮಾತಿಗೆ ಏನನ್ನು ಒಡ್ಡಲಿ? "ನಾಳೆಯೇ ಒಡೆದು ಮತ್ತೆ..." ಎಂದು ಬಾಯಿ ತೆರೆದೆ.

"ಸುತ್ತಿಗೆ ಮುಟ್ಟಿದ್ರೆ ನೋಡಿ ಮತ್ತೆ! ಒಡೆಯೋದು ಬೇಡ. ಗಟ್ಟಿಯಾಗಿದೆ, ಮಟ್ಟವಾಗಿದೆ, ಅಳತೆಯೂ ಸರಿಯಾಗಿದೆ. ಅಡುಗೆ ಮಾಡೋವ್ರು ಮಾತ್ರ ಬದಲಾಗಬೇಕು." ಹೀಗೆಂದವಳೇ ಪಡಸಾಲೆಗೆ ಹೋಗಿ, ನನ್ನ ಆರಾಮ ಕುರ್ಚಿಯಲ್ಲಿ ಒರಗಿ, ಅಲ್ಲಿಂದ ಕೂಗಿದಳು. "ರೀ, ಇವತ್ತು ಏನು ಅಡುಗೆ?"

ಹೀಗೆ ನಾನು ಕರಣೆ ಬಿಟ್ಟು ಸೌಟು ಹಿಡಿದೆ. ಅಕ್ಕಿಗೆ ನೀರೆಷ್ಟು ಎಂದು ಯಾರನ್ನಾದರೂ ಕೇಳುವುದೆಂದರೆ ನನ್ನ ಜಾಯಮಾನಕ್ಕೆ ಒಗ್ಗದು. ಗಾರೆ ಕಲಸಿದ ಕೈಗೆ ಇದೇನು ಮಹಾ ಎಂದುಕೊಂಡೆ. ಈರುಳ್ಳಿ ನನ್ನನ್ನು ಅಳಿಸಿತು, ಸಾಸಿವೆ ಮುಖಕ್ಕೇ ಹಾರಿತು. ಅಷ್ಟರಲ್ಲಿ ಕಿಟಕಿಯಲ್ಲಿ ಎರಡು ಪರಿಚಿತ ತಲೆಗಳು ಮೂಡಿದವು.

"ಉರಿ ಸಣ್ಣಗೆ ಮಾಡಿ," ಎಂದಿತು ಕಂಪೌಂಡರ ತಲೆ.

"ದೊಡ್ಡದು ಮಾಡಿ," ಎಂದಿತು ಟೈಲರ ತಲೆ.

ನಾನು ಕಿಟಕಿಯನ್ನು ರಪ್ಪನೆ ಮುಚ್ಚಿದೆ. ಹೊಗೆ ಹೊರಹೋಗಲು ಇದ್ದ ದಾರಿ ಅದೊಂದೇ ಎಂಬುದು ಆಮೇಲೆ ತಿಳಿಯಿತು. ಪಾತ್ರೆಯೊಳಗೆ ಅನ್ನವೋ ಗಾರೆಯೋ ಹೇಳಲಾಗದಂಥ ಒಂದು ಪದಾರ್ಥ ಗಟ್ಟಿಯಾಗುತ್ತಿತ್ತು. ಕೆಮ್ಮು ತಡೆದು ನಿಂತೆ.

ಪಡಸಾಲೆಯಲ್ಲಿ ಕುರ್ಚಿ ಕಿರುಗುಟ್ಟಿತು. ಎದ್ದಿರಬೇಕು. "ರೀ, ಸೀದ ವಾಸನೆ ಬರ್ತಿದೆ. ನಾನು ಬರಲಾ?" ಅವಳ ದನಿಯಲ್ಲಿ ಈಗ ಕೋಪವಿರಲಿಲ್ಲ, ನಗುವನ್ನು ಅದುಮಿಟ್ಟುಕೊಂಡ ಹಾಗಿತ್ತು.

"ಬರಬೇಡ! ಕೂತ್ಕೋ ನೀನು. ನಾನು ಎಂಥೆಂಥಾ ಕೆಲಸ ಮಾಡಿದವನು, ನನಗೆ ಯಾರ ಸಹಾಯಾನೂ ಬೇಡ. ಉಪ್ಪು ಎಲ್ಲಿದೆ ಅಂತ ಮಾತ್ರ ಹೇಳು... ಬೇಡ, ಬೇಡ, ಅದನ್ನೂ ಹೇಳಬೇಡ. ನಾನೇ ಹುಡುಕ್ಕೋತೀನಿ!"