ಪರದೇಶಕ್ಕೆ ಅತ್ತೆಯ ಬುತ್ತಿ

ಹಳದೀಪುರದಿಂದ ಪರದೇಶಕ್ಕೆ ಹೊರಟ ಗಂಡಸರು ವಿಮಾನಕ್ಕೆ ಹೆದರುತ್ತಿರಲಿಲ್ಲ, ನನ್ನ ಅತ್ತೆಗೆ ಹೆದರುತ್ತಿದ್ದರು! ಹೆದರದೆ ಏನು ಮಾಡಿಯಾರು? ಹೊರಡುವ ಮೊದಲು ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿ ರೂಢಿ. ಬೇರೆ ಮನೆಗಳಲ್ಲಿ ತೆಂಗಿನಕಾಯಿ, ಕುಂಕುಮ. ನಮ್ಮಲ್ಲಿ ಅದರ ಮೇಲೆ ಏಡ್ಸ್ ಉಪದೇಶ! ರೇಡಿಯೊದಲ್ಲಿ ಡಾಕ್ಟರೊಬ್ಬರು ಹೇಳಿದ್ದನ್ನು ಕೇಳಿದ ದಿನದಿಂದ ಅತ್ತೆಗೆ ಅದು ವಿಷ್ಣುಸಹಸ್ರನಾಮದಷ್ಟೇ ಬಾಯಿಪಾಠ.

ದುಬೈಗೆ ಹೊರಟ ಪಕ್ಕದ ಮನೆಯವನು ಅಪ್ಪನೊಂದಿಗೆ ಬಂದು ಕಾಲಿಗೆ ಬಿದ್ದ. ಏಳಲು ಬಿಡದೆ ಅತ್ತೆ ಶುರುಮಾಡಿದರು: "ತಮಾ, ಬೇರೆಯವರ ಬ್ಲೇಡಲ್ಲಿ ಗಡ್ಡ ಕೆರೀಬೇಡ. ಸೂಜಿ ಹೊಸದಾ ಅಂತ ಕೇಳು. ಹೆಂಗಸ್ರ ಸಹವಾಸ ಬೇಡ. ಮನಸ್ಸು ಕೇಳ್ದೇ ಹೋದ್ರೆ ನಿರೋಧ್ ಮರೀಬೇಡ!"

ಅವನಪ್ಪ ನಮ್ಮ ಮಾಡಿನ ಹಂಚು ಎಣಿಸತೊಡಗಿದರು.

ಆ ನಿರೋಧನ್ನೂ ಹೊನ್ನಾವರದ ಔಷಧಿ ಅಂಗಡಿಯಿಂದ ಅತ್ತೆಯೇ ತರುತ್ತಿದ್ದರು. ಅಂಗಡಿಯವ ನಾಚಿ ಪೇಪರಿನ ಮೇಲೆ ಪೇಪರು ಸುತ್ತಿದರೆ, "ಎಂತಕ್ಕೆ ಇಷ್ಟು ಸುತ್ತೂದು? ಇದೆಂತ ಬಂಗಡೆ ಮೀನಾ, ವಾಸನೆ ಬರೂಕೆ?"

ನನ್ನ ಯಜಮಾನರಿಗೆ ಹಡಗಿನ ಕೆಲಸ ಸಿಕ್ಕಾಗ ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಬ್ಲೇಡು, ಸೀಲ್ ಒಡೆಯದ ಸಿರಿಂಜು, ಆ ಪೊಟ್ಟಣವೂ ಕೂತವು. ನನಗೆ ಅಳುವೇ ಬಂತು.

"ಅತ್ತೆ, ಮಗನ ಮೇಲೆ ನಂಬಿಕೆ ಇಲ್ವಾ?"

"ಕೊಡೆ ಕೊಟ್ರೆ ಮಳೇಲಿ ತಿರುಗು ಅಂದಂಗಾತೇನೇ?"

ವರ್ಷ ಕಳೆದು ಇವರು ಬಂದರು. ರಾತ್ರಿ ಮಲಗುವಾಗ ಸೆಕೆ ಎಂದು ಚಾಪೆಯನ್ನು ಜಗಲಿಗೆ ಒಯ್ದರು. ಆಷಾಢದ ಮಳೆಯಲ್ಲಿ ಎಂಥ ಸೆಕೆ? ಅತ್ತೆ ಮಗನನ್ನು ಕೂರಿಸಿಕೊಂಡು ಕೇಳಿದರು.

"ಜ್ವರ ಬಂದಿತ್ತು ಆಯಿ. ಯಾವುದೋ ಬಂದರಲ್ಲಿ ಸೂಜಿ ಚುಚ್ಚಿದ್ರು. ನೀ ಕೊಟ್ಟದ್ದು ಹಡಗಲ್ಲೇ ಇತ್ತು. ಇವಳಿಗೂ ಎಂತಾದ್ರೂ ಆದ್ರೆ?"

ಸೂಜಿಯೋ, ಇನ್ನೊಂದೋ, ಅತ್ತೆ ಕೆದಕಲಿಲ್ಲ. ನಾನೂ ಕೆದಕಲಿಲ್ಲ. "ಆತು. ನಾಳೆ ಕುಮಟೆಗೆ ಹೋಪ," ಎಂದರು ಅಷ್ಟೇ.

ಲ್ಯಾಬಿನಲ್ಲಿ ಊರಿನವರೇ ಇಬ್ಬರು ಕೂತಿದ್ದರು. ಹೆಸರು ಕರೆದರೂ ನನ್ನ ಯಜಮಾನರು ಏಳಲಿಲ್ಲ, ಆ ಇಬ್ಬರತ್ತ ನೋಡಿ ಮುಖ ತಗ್ಗಿಸಿದರು. ಅತ್ತೆಯೇ ಎದ್ದು ಹೋಗಿ, ಬಳೆ ಹಿಂದೆ ಸರಿಸಿ ಕೈಚಾಚಿದರು.

"ಮೊದ್ಲು ನಂದು ತೆಗಿ. ಏಡ್ಸಿನ ಟೆಸ್ಟು."

ಲ್ಯಾಬಿನವಳು ಬೆಪ್ಪಾದಳು. "ಈ ವಯಸ್ಸಲ್ಲಿ ನಿಮಗೆ ಎಂತಕ್ಕೆ ಅಮ್ಮಾ?"

"ಎಂತಕ್ಕಾದ್ರೂ ಆಗ್ಲಿ. ಚುಚ್ಚು."

ಅವತ್ತೂ, ಮೂರು ತಿಂಗಳು ಬಿಟ್ಟು ಮಾಡಿಸಿದಾಗಲೂ, ಇವರಿಗೆ ಏನೂ ಇಲ್ಲವೆಂದೇ ಬಂತು. ಇಡಗುಂಜಿ ಗಣಪನಿಗೆ ಪಂಚಕಜ್ಜಾಯ ಮಾಡಿಸಿದೆ. ಆದರೂ ಕೈಮುಗಿದು ಕಣ್ಣು ಮುಚ್ಚಿದಾಗ ನನಗೆ ಇವತ್ತಿಗೂ ಕಾಣುವುದು ಆ ಲ್ಯಾಬಿನ ಬೆಂಚು: ಮೊಣಕೈ ಮಡಚಿ ಹತ್ತಿ ಒತ್ತಿಕೊಂಡ ತಾಯಿ, ಪಕ್ಕದಲ್ಲಿ ಹತ್ತಿ ಒತ್ತಿಕೊಂಡ ಮಗ, ಅವನ ಮೊಣಕಾಲ ಮೇಲೆ ಅವರ ಇನ್ನೊಂದು ಕೈ.